ತಂತಿಯ ಎರಡು ತುದಿ: ವರ್ನರ್ ಫಾನ್ ಸೀಮೆನ್ಸ್ ಬದುಕು

ಸೀಮೆನ್ಸ್ ಎಂಬ ಹೆಸರು ನಮ್ಮ ಕಾಲೇಜಿನಲ್ಲಿ ಬಹಳ ಜನರಿಗೆ ಗೊತ್ತು. ವಿಜ್ಞಾನ ವಿಭಾಗದ ಗೆಳೆಯರು ಅದನ್ನು ಭೌತಶಾಸ್ತ್ರದ ಪುಸ್ತಕದಲ್ಲಿ ವಿದ್ಯುತ್ ವಾಹಕತೆಯ ಏಕಮಾನ ಎಂದು ಓದಿದ್ದಾರೆ. ನಮ್ಮ ವಾಣಿಜ್ಯ ವಿಭಾಗದವರು ಪತ್ರಿಕೆಯ ಷೇರುಪೇಟೆ ಪುಟದಲ್ಲಿ ಕಂಪನಿಯ ಹೆಸರಾಗಿ ನೋಡಿದ್ದಾರೆ. ಅದು ಒಬ್ಬ ರೈತನ ಮಗನ ಹೆಸರು ಎಂಬುದು ನನಗೆ ತಿಳಿದದ್ದು ಮಾತ್ರ ನನ್ನ ಮಾಮುವಿನ ಕೆಲಸದ ಮೂಲಕ.

ಮಾಮು ಬೆಂಗಳೂರಿನಲ್ಲಿ ದೊಡ್ಡ ಕಟ್ಟಡಗಳ ಫೈರ್ ಅಲಾರಂ ಕೆಲಸ ಮಾಡುತ್ತಾರೆ. ಪ್ರತಿ ಮಹಡಿಯ ಚಾವಣಿಯಲ್ಲಿ ಹೊಗೆಯನ್ನು ಪತ್ತೆ ಮಾಡುವ ಡಿಟೆಕ್ಟರ್‌ಗಳಿರುತ್ತವೆ. ಅವೆಲ್ಲ ಒಂದು ತಂತಿಯ ಸುತ್ತಿನಲ್ಲಿ ಸೇರಿ ಪ್ಯಾನೆಲ್‌ಗೆ ಬರುತ್ತವೆ. ಹೊಗೆ ಕಂಡರೆ ಪ್ಯಾನೆಲ್ ಗಂಟೆ ಬಾರಿಸುತ್ತದೆ. ಆದರೆ ಅದೇ ಕಟ್ಟಡದ ಎ.ಸಿ., ಲಿಫ್ಟ್, ನೀರಿನ ಪಂಪು ಇವನ್ನೆಲ್ಲ ನೋಡಿಕೊಳ್ಳುವ ಕಂಪ್ಯೂಟರ್ ಬೇರೆ ಇರುತ್ತದೆ. ಮೂರನೇ ಮಹಡಿಯಲ್ಲಿ ಹೊಗೆ ಎದ್ದಿದೆ ಎಂಬುದು ಆ ಕಂಪ್ಯೂಟರಿಗೂ, ಅದರ ಮುಂದೆ ಕೂತ ಕಾವಲುಗಾರರಿಗೂ ತಿಳಿಯಬೇಕು. ಪ್ಯಾನೆಲ್ ಮಾಡಿದ ಕಂಪನಿಯ ಭಾಷೆ ಒಂದು, ಕಂಪ್ಯೂಟರಿನ ಭಾಷೆ ಇನ್ನೊಂದು. ಯಂತ್ರಗಳ ಇಂಥ ಭಾಷೆಗೆ ಪ್ರೊಟೊಕಾಲ್ ಎನ್ನುತ್ತಾರೆ. ಎರಡರ ನಡುವೆ ಕೂತು ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ, ಟಿಫಿನ್ ಡಬ್ಬಿಯಷ್ಟೇ ಇರುವ ಪೆಟ್ಟಿಗೆಯ ಹೆಸರು ಗೇಟ್‌ವೇ. ಅದನ್ನು ಹೊಂದಿಸಿ ಕೊಡುವುದು ಮಾಮುವಿನ ಪಾಲಿನ ಕೆಲಸ.

ತಂತಿಯಲ್ಲಿ ಬೆಂಕಿಯ ಸುದ್ದಿ ಕಳಿಸುವುದು ಯಾವಾಗ ಶುರುವಾಯಿತು ಎಂದು ನಾನು ಕೇಳಿದಾಗ ಅವರು 1851ರ ಬರ್ಲಿನ್ ಎಂದರು, ಸೀಮೆನ್ಸ್ ಎಂದರು. ಅಲ್ಲಿಂದ ನಾನು ಈ ಮನುಷ್ಯನ ಬಗ್ಗೆ ಓದತೊಡಗಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಮಾಮು ಇಂದು ಲ್ಯಾಪ್‌ಟಾಪ್ ಹಿಡಿದು ಬಿಡಿಸುವ ಸಮಸ್ಯೆಗಳನ್ನು ಸೀಮೆನ್ಸ್ ತಮ್ಮ ಬದುಕಿಡೀ ಕಬ್ಬಿಣ, ತಾಮ್ರ, ಪಾದರಸ ಹಿಡಿದು ಬಿಡಿಸಿದ್ದರು.

ದೊಡ್ಡ ಕುಟುಂಬ, ಸಣ್ಣ ಆದಾಯ

ವರ್ನರ್ ಹುಟ್ಟಿದ್ದು 1816ರ ಡಿಸೆಂಬರ್ 13ರಂದು, ಜರ್ಮನಿಯ ಹ್ಯಾನೋವರ್ ಬಳಿಯ ಲೆಂಥೆ ಎಂಬ ಹಳ್ಳಿಯಲ್ಲಿ. ತಂದೆ ಬೇರೆಯವರ ಜಮೀನನ್ನು ಗುತ್ತಿಗೆಗೆ ಪಡೆದು ಬೇಸಾಯ ಮಾಡುತ್ತಿದ್ದರು. ಹುಟ್ಟಿದ 14 ಮಕ್ಕಳಲ್ಲಿ ವರ್ನರ್ ನಾಲ್ಕನೆಯವರು. ಕೆಲವು ಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಲ್ಯೂಬೆಕ್ ಪಟ್ಟಣದ ಶಾಲೆಯಲ್ಲಿ ಓದುತ್ತಿದ್ದಾಗ ವರ್ನರ್‌ಗೆ ಗಣಿತ ಇಷ್ಟವಾಗಿತ್ತು. ಎಂಜಿನಿಯರಿಂಗ್ ಓದಬೇಕೆಂಬ ಆಸೆ ಇತ್ತು, ಆದರೆ ಮನೆಯಲ್ಲಿ ಫೀಸಿಗೆ ಹಣವಿರಲಿಲ್ಲ.

ಅದಕ್ಕೆ ಅವರು ಕಂಡುಕೊಂಡ ದಾರಿ ಸೈನ್ಯ. ಪ್ರಷ್ಯಾದ ಫಿರಂಗಿ ದಳಕ್ಕೆ ಸೇರಿದರೆ ಅಧಿಕಾರಿಗಳ ತಾಂತ್ರಿಕ ಶಾಲೆಯಲ್ಲಿ ಉಚಿತವಾಗಿ ಓದಬಹುದಿತ್ತು. 1834ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಅಂದರೆ ಈಗ ನನಗಿರುವ ವಯಸ್ಸಿನಲ್ಲಿ, ಅವರು ಮನೆ ಬಿಟ್ಟರು. ಮುಂದೆ ಬರ್ಲಿನ್ನಿನಲ್ಲಿ ಮೂರು ವರ್ಷ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿತರು. ಅಲ್ಲಿ ಗಣಿತ ಕಲಿಸಿದವರಲ್ಲಿ ಒಬ್ಬರು ಮಾರ್ಟಿನ್ ಓಮ್. ನಾವು ಹತ್ತನೇ ತರಗತಿಯಲ್ಲಿ ಓದಿದ ಓಮನ ನಿಯಮದ ಜಾರ್ಜ್ ಓಮ್ ಇವರ ಅಣ್ಣ.

1839ರಲ್ಲಿ ತಾಯಿ ತೀರಿಕೊಂಡರು. ಆರು ತಿಂಗಳು ಕಳೆಯುವಷ್ಟರಲ್ಲಿ ತಂದೆಯೂ ಹೋದರು. ತಮ್ಮಂದಿರ ಓದು, ಊಟ, ಬಟ್ಟೆಯ ಹೊಣೆ 23 ವರ್ಷದ ವರ್ನರ್ ಹೆಗಲಿಗೆ ಬಂತು. ಸೈನ್ಯದ ಸಂಬಳ ಅದಕ್ಕೆ ಸಾಲುತ್ತಿರಲಿಲ್ಲ. ಅವರ ಮೊದಮೊದಲ ಸಂಶೋಧನೆಗಳೆಲ್ಲ ಈ ಹಣದ ಮುಗ್ಗಟ್ಟಿನಿಂದಲೇ ಹುಟ್ಟಿದವು. ದೊಡ್ಡ ವಿಜ್ಞಾನಿಗಳು ಬರೀ ಜ್ಞಾನದ ದಾಹದಿಂದ ಕೆಲಸ ಮಾಡುತ್ತಾರೆ ಎಂದು ನಾವು ಭಾಷಣ ಸ್ಪರ್ಧೆಗಳಲ್ಲಿ ಹೇಳುತ್ತೇವೆ. ವರ್ನರ್ ವಿಷಯದಲ್ಲಿ ತಮ್ಮಂದಿರ ಹೊಟ್ಟೆಯೂ ಅಷ್ಟೇ ದೊಡ್ಡ ಕಾರಣ.

ಇಬ್ಬರು ಅಧಿಕಾರಿಗಳ ನಡುವಿನ ದ್ವಂದ್ವಯುದ್ಧದಲ್ಲಿ ಒಬ್ಬರ ಪರವಾಗಿ ಸಾಕ್ಷಿಯಾಗಿ ನಿಂತದ್ದಕ್ಕೆ ಅವರಿಗೆ ಮಾಗ್ಡೆಬರ್ಗ್ ಕೋಟೆಯಲ್ಲಿ ಸೆರೆವಾಸ ಆಯಿತು. ಅವರು ಅಲ್ಲಿಗೆ ರಾಸಾಯನಿಕಗಳನ್ನು ತರಿಸಿಕೊಂಡು ಸೆರೆಕೋಣೆಯಲ್ಲೇ ಪ್ರಯೋಗ ನಡೆಸಿದರು. ವಿದ್ಯುತ್ತಿನ ಸಹಾಯದಿಂದ ಚಮಚಕ್ಕೆ ಚಿನ್ನದ ಲೇಪ ಹಾಕುವ ವಿಧಾನ ಅಲ್ಲಿ ಕೈಗೂಡಿತು. ಕ್ಷಮಾದಾನ ಬೇಗನೆ ಬಂದಾಗ ಪ್ರಯೋಗ ಮುಗಿಸಲು ಇನ್ನೂ ಕೆಲವು ದಿನ ಒಳಗಿರುತ್ತೇನೆ ಎಂದು ಕೇಳಿಕೊಂಡರು, ಅಧಿಕಾರಿಗಳು ಒಪ್ಪಲಿಲ್ಲ. 1842ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ತಮ್ಮ ವಿಲ್ಹೆಲ್ಮ್ ಇಂಗ್ಲೆಂಡಿಗೆ ಹೋಗಿ ಆ ಹಕ್ಕನ್ನು ಮಾರಿ ಹಣ ತಂದರು.

ಸಿಗಾರ್ ಡಬ್ಬಿಯ ಯಂತ್ರ

ಆ ಕಾಲದ ಹೊಸ ಅದ್ಭುತ ಟೆಲಿಗ್ರಾಫ್. ನಮ್ಮ ಹಿರಿಯರು ತಂತಿ ಎನ್ನುತ್ತಿದ್ದದ್ದು, ನನ್ನ ದಾದಿ ಇಂದಿಗೂ ತಾರ್ ಎನ್ನುವುದು ಅದನ್ನೇ. ಆಗ ಬಳಕೆಯಲ್ಲಿದ್ದ ಒಂದು ಬಗೆಯ ಯಂತ್ರದಲ್ಲಿ ಗಡಿಯಾರದಂಥ ಮುಖದ ಸುತ್ತ ಅಕ್ಷರಗಳಿರುತ್ತಿದ್ದವು. ಈ ತುದಿಯಲ್ಲಿ ಮುಳ್ಳು ಯಾವ ಅಕ್ಷರದ ಮೇಲೆ ನಿಲ್ಲುತ್ತದೋ ಆ ತುದಿಯಲ್ಲೂ ಅದೇ ಅಕ್ಷರದ ಮೇಲೆ ನಿಲ್ಲಬೇಕು. ಆದರೆ ನಡುವೆ ಒಂದೇ ಒಂದು ಹೆಜ್ಜೆ ತಪ್ಪಿದರೂ ಅಲ್ಲಿಂದ ಮುಂದಿನ ಎಲ್ಲ ಅಕ್ಷರಗಳೂ ತಪ್ಪಾಗುತ್ತಿದ್ದವು. ಕಳಿಸುವವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಸೀಮೆನ್ಸ್ ಇದನ್ನು ಬೇರೆ ಬಗೆಯಲ್ಲಿ ಯೋಚಿಸಿದರು. ಎರಡೂ ತುದಿಯ ಯಂತ್ರಗಳು ತಮ್ಮ ಹೆಜ್ಜೆಯನ್ನು ಪೂರ್ತಿ ಮುಗಿಸಿದ ಮೇಲೆಯೇ ಮುಂದಿನ ಹೆಜ್ಜೆಗೆ ವಿದ್ಯುತ್ ಹರಿಯುವಂತೆ ಮಾಡಿದರು. ಒಂದು ನಿಧಾನವಾದರೆ ಇನ್ನೊಂದು ಕಾಯಲೇಬೇಕು. ಅಕ್ಷರದ ಕೀಲಿ ಒತ್ತಿದರೆ ಎರಡೂ ಮುಳ್ಳುಗಳು ಒಂದೇ ಕಡೆ ನಿಲ್ಲುತ್ತವೆ. ಸಿಗಾರ್ ಡಬ್ಬಿ, ತಗಡು, ಕಬ್ಬಿಣದ ತುಂಡು, ತಾಮ್ರದ ತಂತಿ ಸೇರಿಸಿ ಅವರು ಮಾದರಿ ತಯಾರಿಸಿದರು. ಅದನ್ನು ಸರಿಯಾದ ಯಂತ್ರವಾಗಿ ಮಾಡಿಕೊಟ್ಟವರು ಯೋಹಾನ್ ಗಿಯೊರ್ಗ್ ಹಾಲ್ಸ್ಕೆ ಎಂಬ ನಿಪುಣ ಮೆಕ್ಯಾನಿಕ್.

1847ರ ಅಕ್ಟೋಬರಿನಲ್ಲಿ ಇಬ್ಬರೂ ಸೇರಿ ಬರ್ಲಿನ್ನಿನ ಒಂದು ಮನೆಯ ಹಿಂಭಾಗದಲ್ಲಿ ಕಾರ್ಖಾನೆ ತೆರೆದರು. ವಾಣಿಜ್ಯ ವಿಭಾಗದವರು ಇಲ್ಲಿ ಗಮನಿಸಬೇಕು. ಒಬ್ಬರ ಬಳಿ ಯೋಚನೆ ಇತ್ತು, ಇನ್ನೊಬ್ಬರ ಬಳಿ ಕೈಚಳಕ ಇತ್ತು, ಇಬ್ಬರ ಬಳಿಯೂ ದುಡ್ಡಿರಲಿಲ್ಲ. ವಕೀಲರಾಗಿದ್ದ ದಾಯಾದಿಯೊಬ್ಬರು 6,842 ಥಾಲರ್ ಬಂಡವಾಳ ಹಾಕಿ ಲಾಭದಲ್ಲಿ ಪಾಲು ಪಡೆದರು. ನಾವು ಪಾಲುದಾರಿಕೆ ಸಂಸ್ಥೆಯ ಪಾಠದಲ್ಲಿ ಓದುವುದೆಲ್ಲ ಈ ಒಂದು ಒಪ್ಪಂದದಲ್ಲಿದೆ. ಶುರುವಿನಲ್ಲಿ ಕೆಲಸಗಾರರು ಹತ್ತು ಜನ.

ಎರಡು ವರ್ಷದಲ್ಲಿ ಬರ್ಲಿನ್ನಿನಿಂದ ಫ್ರಾಂಕ್‌ಫರ್ಟ್‌ವರೆಗೆ ಸುಮಾರು 500 ಕಿಲೋಮೀಟರ್ ತಂತಿ ಎಳೆದರು. 1849ರ ಮಾರ್ಚ್ 28ರಂದು ಫ್ರಾಂಕ್‌ಫರ್ಟ್‌ನ ಸಂಸತ್ತು ಪ್ರಷ್ಯಾದ ರಾಜನನ್ನು ಚಕ್ರವರ್ತಿಯಾಗಿ ಆರಿಸಿದ ಸುದ್ದಿ ಒಂದೇ ಗಂಟೆಯೊಳಗೆ ಬರ್ಲಿನ್ ತಲುಪಿತು. ಅದೇ ವರ್ಷ ಸೀಮೆನ್ಸ್ ಸೈನ್ಯದ ಕೆಲಸ ಬಿಟ್ಟರು.

ತಮ್ಮದೇ ಭಾಷೆಯನ್ನು ಬಿಟ್ಟದ್ದು

ಈ ಹೊತ್ತಿಗೆ ಯುರೋಪಿನ ಒಂದೊಂದು ದೇಶದಲ್ಲಿ ಒಂದೊಂದು ಬಗೆಯ ಟೆಲಿಗ್ರಾಫ್ ಇತ್ತು. ಗಡಿಯಲ್ಲಿ ತಂತಿ ನಿಂತುಬಿಡುತ್ತಿತ್ತು. 1852ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಬಾಡೆನ್ ರಾಜ್ಯಗಳು ಸ್ಟ್ರಾಸ್‌ಬರ್ಗ್‌ನಲ್ಲಿ ಮಾಡಿಕೊಂಡ ಏರ್ಪಾಡು ಓದಿ ನನಗೆ ನಗು ಬಂತು. ಒಂದೇ ಕಚೇರಿಯಲ್ಲಿ ಇಬ್ಬರು ಗುಮಾಸ್ತರು. ಫ್ರೆಂಚ್ ಗುಮಾಸ್ತ ಬಂದ ಸಂದೇಶವನ್ನು ಕಾಗದದಲ್ಲಿ ಬರೆದು ಮೇಜಿನ ಆಚೆ ಚಾಚುತ್ತಿದ್ದ. ಜರ್ಮನ್ ಗುಮಾಸ್ತ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ತನ್ನ ಯಂತ್ರದಲ್ಲಿ ಮುಂದಕ್ಕೆ ಕಳಿಸುತ್ತಿದ್ದ. ಆ ಮೇಜೇ ಅಂದಿನ ಗೇಟ್‌ವೇ.

ನಮ್ಮ ಮನೆಯಲ್ಲಿ ಆ ಮೇಜು ನಾನೇ. ನಮ್ಮ ಮನೆ ಮಾತು ಉರ್ದು, ದಾದಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. ಆಸ್ಪತ್ರೆಗೆ ಹೋದಾಗ ದಾದಿ ಹೇಳುವುದನ್ನು ಡಾಕ್ಟರಿಗೆ ಕನ್ನಡದಲ್ಲಿ ತಿಳಿಸುವುದು ನನ್ನ ಕೆಲಸ. ದಾದಿ ಜೀ ಘಬ್ರಾರಾ ಅನ್ನುತ್ತಾರೆ. ಅದನ್ನು ಪದಕ್ಕೆ ಪದ ಹಿಡಿದು ಗಾಬರಿ ಎಂದರೆ ಡಾಕ್ಟರ್ ಧೈರ್ಯ ಹೇಳಿ ಕಳಿಸುತ್ತಾರೆ. ಎದೆಯಲ್ಲಿ ತಳಮಳ, ಸಂಕಟ ಎಂದರೆ ಬಿ.ಪಿ. ನೋಡುತ್ತಾರೆ, ಇ.ಸಿ.ಜಿ. ಬರೆದುಕೊಡುತ್ತಾರೆ. ನಡುವೆ ನಿಂತವರಿಗೆ ಎರಡು ಭಾಷೆ ಬಂದರೆ ಸಾಲದು, ಯಾವ ಮಾತು ಆ ಕಡೆ ಯಾವ ಮಾತಿಗೆ ಸಮ ಎಂಬ ಪಟ್ಟಿ ತಲೆಯಲ್ಲಿರಬೇಕು. ಮಾಮು ಗೇಟ್‌ವೇಯಲ್ಲಿ ಬರೆದಿಡುವುದು ಇಂಥ ಪಟ್ಟಿಯನ್ನೇ.

ಸೀಮೆನ್ಸ್ ಮಾಡಿದ ಒಂದು ನಿರ್ಧಾರ ನನಗೆ ಬಹಳ ಹಿಡಿಸಿತು. ಅಮೆರಿಕದ ಮೋರ್ಸ್ ಅವರ ಚುಕ್ಕೆ-ಗೆರೆಯ ಪದ್ಧತಿ ತಮ್ಮ ಮುಳ್ಳಿನ ಯಂತ್ರಕ್ಕಿಂತ ಸರಳ ಎಂದು ಕಂಡಾಗ ಅವರು ತಮ್ಮದನ್ನೇ ಹಿಡಿದು ಕೂರಲಿಲ್ಲ. ತಮ್ಮ ಕಾರ್ಖಾನೆಯಲ್ಲೇ ಮೋರ್ಸ್ ಯಂತ್ರಗಳನ್ನು ಇನ್ನಷ್ಟು ಚೆನ್ನಾಗಿ ಮಾಡತೊಡಗಿದರು. ಮುಂದೆ 1865ರಲ್ಲಿ 20 ದೇಶಗಳು ಪ್ಯಾರಿಸ್‌ನಲ್ಲಿ ಸೇರಿ ಒಂದೇ ನಿಯಮಕ್ಕೆ ಸಹಿ ಹಾಕಿದಾಗ ಮೋರ್ಸ್ ಎಲ್ಲರ ಭಾಷೆಯಾಯಿತು. ಕಟ್ಟಡಗಳ ಯಂತ್ರಗಳಿಗೂ ಈಗ ಇಂಥ ಸಾಮಾನ್ಯ ಭಾಷೆಗಳಿವೆ. 1979ರಲ್ಲಿ ಬಂದ ಮೋಡ್‌ಬಸ್, 1995ರಲ್ಲಿ ಬಂದ ಬ್ಯಾಕ್‌ನೆಟ್ ಇವೆರಡು ಹೆಚ್ಚು ಬಳಕೆಯಲ್ಲಿವೆ. ಆದರೆ ಎಷ್ಟೋ ಪ್ಯಾನೆಲ್‌ಗಳು ಇಂದಿಗೂ ತಮ್ಮ ಕಂಪನಿಯ ಭಾಷೆಯನ್ನೇ ಆಡುವುದರಿಂದ ಗೇಟ್‌ವೇ ಬೇಕಾಗುತ್ತದೆ.

ಬೆಂಕಿಯ ಸುದ್ದಿ

1842ರ ಮೇ ತಿಂಗಳಲ್ಲಿ ಹ್ಯಾಂಬರ್ಗ್ ನಗರದ ದೊಡ್ಡ ಭಾಗ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಆಗೆಲ್ಲ ಗೋಪುರದ ಮೇಲೆ ಕೂತ ಕಾವಲುಗಾರ ಹೊಗೆ ನೋಡಿ ಗಂಟೆ ಹೊಡೆಯಬೇಕಿತ್ತು. ಬೆಂಕಿ ಎಲ್ಲಿ ಎಂದು ತಿಳಿಯುವಷ್ಟರಲ್ಲಿ ಅದು ಪಕ್ಕದ ಬೀದಿಗೆ ಹೋಗಿರುತ್ತಿತ್ತು. 1851ರಲ್ಲಿ ಬರ್ಲಿನ್ನಿನಲ್ಲಿ ಸಂಬಳದ ಅಗ್ನಿಶಾಮಕ ದಳ ಶುರುವಾಯಿತು. ಅದೇ ವರ್ಷ ಸೀಮೆನ್ಸ್ ಮತ್ತು ಹಾಲ್ಸ್ಕೆ ಸಂಸ್ಥೆ ನಗರದ ಅಗ್ನಿಶಾಮಕ ಮತ್ತು ಪೊಲೀಸ್ ಠಾಣೆಗಳನ್ನು ತಂತಿಯಿಂದ ಜೋಡಿಸಿತು. ಮರುವರ್ಷ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾನಿಂಗ್ ಮತ್ತು ಫಾರ್ಮರ್ ಎಂಬಿಬ್ಬರು ಬೀದಿಗಳಲ್ಲಿ ಪೆಟ್ಟಿಗೆಗಳನ್ನು ಇಟ್ಟರು. ಪೆಟ್ಟಿಗೆಯೊಳಗೆ ಹಲ್ಲುಗಳಿದ್ದ ಚಕ್ರ. ಅದು ತಿರುಗಿದಾಗ ಆ ಪೆಟ್ಟಿಗೆಯ ಸಂಖ್ಯೆಯಷ್ಟು ಬಡಿತಗಳು ಕೇಂದ್ರಕ್ಕೆ ಹೋಗುತ್ತಿದ್ದವು. ಬೆಂಕಿ ಎಂಬುದರ ಜೊತೆಗೆ ಎಲ್ಲಿ ಎಂಬುದೂ ತಿಳಿಯಿತು.

ಇಂದಿನ ಡಿಟೆಕ್ಟರ್‌ಗಳಿಗೂ ಒಂದೊಂದು ಸಂಖ್ಯೆ ಇರುತ್ತದೆ, ಅದಕ್ಕೆ ಅಡ್ರೆಸ್ ಎನ್ನುತ್ತಾರೆ. ಪ್ಯಾನೆಲ್ ಮೇಷ್ಟ್ರು ಹಾಜರಿ ಕೂಗಿದ ಹಾಗೆ ಒಂದೊಂದನ್ನೇ ಕರೆಯುತ್ತದೆ, ಅವು ಉತ್ತರ ಕೊಡುತ್ತವೆ. ಗೇಟ್‌ವೇ ಹೊಂದಿಸುವಾಗ ಮಾಮು ಮಾಡುವ ಕೆಲಸಗಳನ್ನು ಪಕ್ಕದಲ್ಲಿ ಕೂತು ಬರೆದುಕೊಂಡಿದ್ದೇನೆ. ಮೊದಲು ಪ್ಯಾನೆಲ್‌ನ ಮಾದರಿಗೆ ತಕ್ಕ ಪ್ರೊಟೊಕಾಲ್ ಆರಿಸಬೇಕು. ನಂತರ ವೇಗ. ಪ್ಯಾನೆಲ್ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಮಾತಾಡುತ್ತಿದ್ದರೆ ಗೇಟ್‌ವೇಯೂ 9600ರಲ್ಲೇ ಕೇಳಬೇಕು, ಇಲ್ಲದಿದ್ದರೆ ಬರುವುದೆಲ್ಲ ಅರ್ಥವಿಲ್ಲದ ಗೀಚು. ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್ ಎರಡೂ ಕಡೆ ಒಂದೇ ಇರಬೇಕು. ಆರ್‌ಎಸ್-485 ತಂತಿಯಾದರೆ ಎ, ಬಿ ಎಂಬ ಎರಡು ಎಳೆಗಳು ಅದಲುಬದಲಾಗಬಾರದು. ಉದ್ದದ ತಂತಿಯ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಬೇಕು, ಇಲ್ಲದಿದ್ದರೆ ಸಂಕೇತ ಗೋಡೆಗೆ ಬಡಿದ ದನಿಯಂತೆ ತಿರುಗಿ ಬಂದು ಗೊಂದಲ ಮಾಡುತ್ತದೆ.

ಆಮೇಲೆ ಪಟ್ಟಿ. ಒಂದನೇ ಸುತ್ತಿನ 23ನೇ ಡಿಟೆಕ್ಟರ್ ಕಂಪ್ಯೂಟರಿನಲ್ಲಿ ಯಾವ ರಿಜಿಸ್ಟರ್‌ಗೆ ಬರೆಯಬೇಕು, ಪರದೆಯ ಮೇಲೆ ಯಾವ ಹೆಸರಿನಲ್ಲಿ ಕಾಣಬೇಕು ಎಂದು ಒಂದೊಂದನ್ನೂ ತುಂಬಬೇಕು. ಇಲ್ಲಿ ಒಂದು ಸಾಲು ಕೆಳಗಾದರೆ ಮೂರನೇ ಮಹಡಿಯ ಬೆಂಕಿ ಎರಡನೇ ಮಹಡಿಯದೆಂದು ಕಾಣುತ್ತದೆ. ಮುಳ್ಳಿನ ಯಂತ್ರ ಒಂದು ಹೆಜ್ಜೆ ತಪ್ಪುತ್ತಿದ್ದ ಹಾಗೆಯೇ ಇದು. ಅದಕ್ಕೇ ಮಾಮು ಪಟ್ಟಿಯನ್ನು ನಂಬಿ ಬರುವುದಿಲ್ಲ. ಏಣಿ ಹತ್ತಿ ಪ್ರತಿ ಡಿಟೆಕ್ಟರ್‌ಗೂ ಪರೀಕ್ಷೆಯ ಹೊಗೆ ಹಿಡಿದು, ಪರದೆಯಲ್ಲಿ ಸರಿಯಾದ ಹೆಸರು ಬಂತೇ ಎಂದು ಕೆಳಗಿನವರನ್ನು ಫೋನಿನಲ್ಲಿ ಕೇಳುತ್ತಾರೆ. ಇನ್ನೊಂದು ನಿಯಮವನ್ನೂ ಅವರು ಬಿಡುವುದಿಲ್ಲ. ಗೇಟ್‌ವೇ ಪ್ಯಾನೆಲ್‌ನ ಮಾತು ಕೇಳಬೇಕು ಅಷ್ಟೇ, ಅದರ ಗಂಟೆ ನಿಲ್ಲಿಸುವ ಅಧಿಕಾರ ಅದಕ್ಕೆ ಇರಬಾರದು.

ಮೌನ ಎಂದರೆ ಕ್ಷೇಮವೇ?

1851 ಸೀಮೆನ್ಸ್‌ಗೆ ಕೆಟ್ಟ ವರ್ಷವೂ ಹೌದು. ಪ್ರಷ್ಯಾದಲ್ಲಿ ಅವಸರದಿಂದ, ಆಳವಿಲ್ಲದೆ ಹೂತ ತಂತಿಗಳು ಒಂದೊಂದಾಗಿ ಕೆಡತೊಡಗಿದವು. ತಂತಿಯ ಮೇಲಿನ ಗಟಾಪರ್ಚಾ ಎಂಬ ಅಂಟಿನ ಹೊದಿಕೆಯನ್ನು ಇಲಿಗಳು ಕಡಿದವು. ಕಾರಣ ಏನೆಂದು ಸೀಮೆನ್ಸ್ ಪುಸ್ತಿಕೆ ಬರೆದು ಪ್ರಕಟಿಸಿದರು. ಸರ್ಕಾರಿ ಇಲಾಖೆಗೆ ಸಿಟ್ಟು ಬಂತು, ಆರ್ಡರ್‌ಗಳು ನಿಂತವು. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ವ್ಯಾಪಾರದ ಗತಿ ಇದು.

ಅವರು ರಷ್ಯಾದ ಕಡೆ ತಿರುಗಿದರು. 1853ರಿಂದ 1855ರವರೆಗೆ, ಕ್ರಿಮಿಯಾ ಯುದ್ಧದ ಕಾಲದಲ್ಲಿ, ಆ ವಿಶಾಲ ದೇಶದಲ್ಲಿ ಸಾವಿರಾರು ಕಿಲೋಮೀಟರ್ ತಂತಿ ಎಳೆದರು. ತಮ್ಮ ಕಾರ್ಲ್ ಪೀಟರ್ಸ್‌ಬರ್ಗ್‌ನಲ್ಲಿ ನಿಂತು ವ್ಯವಹಾರ ನೋಡಿಕೊಂಡರು. ಕಟ್ಟಿದ್ದಕ್ಕಿಂತ ದೊಡ್ಡ ಸವಾಲು ಆಮೇಲೆ ಬಂತು. ಈ ಸಾಲುಗಳನ್ನು 12 ವರ್ಷ ದುರಸ್ತಿಯಲ್ಲಿ ಇಡುವ ಗುತ್ತಿಗೆಯೂ ಅವರದೇ ಆಯಿತು. ಹಿಮದಲ್ಲಿ, ಬಯಲಿನಲ್ಲಿ, ಎಲ್ಲೋ ಒಂದು ಕಡೆ ತಂತಿ ತುಂಡಾದರೆ ಹುಡುಕುವುದು ಹೇಗೆ? ಸೀಮೆನ್ಸ್ ದಾರಿಯುದ್ದಕ್ಕೂ ಇದ್ದ ಕಾವಲು ಮನೆಗಳಲ್ಲಿ ವಿದ್ಯುತ್ ಹರಿಯುತ್ತಿದೆಯೇ ಎಂದು ತೋರಿಸುವ ಸರಳ ಸೂಜಿಯ ಉಪಕರಣ ಇಟ್ಟರು. ಓದು ಬಾರದ ಕಾವಲುಗಾರನೂ ಸೂಜಿ ನೋಡಿ ತಂತಿ ಜೀವಂತ ಇದೆಯೋ ಸತ್ತಿದೆಯೋ ಹೇಳಬಹುದಿತ್ತು. ಯಾವ ಎರಡು ಮನೆಗಳ ನಡುವೆ ತೊಂದರೆ ಎಂದು ತಿಳಿದು ಆಳುಗಳು ಅಲ್ಲಿಗೇ ಹೋಗುತ್ತಿದ್ದರು.

ಇದನ್ನು ಓದುವಾಗ ನನಗೆ ಮಾಮು ಹೇಳಿದ ಒಂದು ಕಟ್ಟಡದ ನೆನಪಾಯಿತು. ಹೆಸರು ಬೇಡ. ಒಂದು ರಾತ್ರಿ ಅಲ್ಲಿ ಮೂರನೇ ಮಹಡಿಯ ಪ್ಯಾಂಟ್ರಿಯಲ್ಲಿ ಬೆಂಕಿ ಹತ್ತಿತು. ಡಿಟೆಕ್ಟರ್ ಕೆಲಸ ಮಾಡಿತು, ಪ್ಯಾನೆಲ್ ಕೆಲಸ ಮಾಡಿತು, ಖಾಲಿ ಮಹಡಿಯಲ್ಲಿ ಗಂಟೆಯೂ ಬಾರಿಸಿತು. ದೂರದ ಗೇಟಿನ ಕೋಣೆಯಲ್ಲಿದ್ದ ಕಂಪ್ಯೂಟರ್ ಪರದೆ ಮಾತ್ರ ಹಸಿರಾಗಿಯೇ ಇತ್ತು, ಎಲ್ಲ ನಾರ್ಮಲ್ ಎನ್ನುತ್ತಿತ್ತು. ವಾರಗಳ ಹಿಂದೆ ಯಾರೋ ಪೇಂಟ್ ಮಾಡುವಾಗ ಪ್ಯಾನೆಲ್‌ನಿಂದ ಗೇಟ್‌ವೇಗೆ ಹೋಗುವ ತಂತಿ ಕಳಚಿತ್ತು. ಗೇಟ್‌ವೇ ತಾನು ಕೊನೆಯ ಸಲ ಕೇಳಿದ್ದನ್ನೇ ದಿನವೂ ಹೇಳುತ್ತಿತ್ತು. ಹಾಲು ತರಲು ಹೊರಟ ಕಾವಲುಗಾರರು ಕಿಟಕಿಯಲ್ಲಿ ಹೊಗೆ ನೋಡಿದ್ದರಿಂದ ಮೇಜು ಕುರ್ಚಿಗಳಷ್ಟೇ ಸುಟ್ಟವು. ಮೇಲೆ ಯಾರಾದರೂ ಮಲಗಿದ್ದರೆ ಏನಾಗುತ್ತಿತ್ತು ಎಂದು ಮಾಮು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಗೆ ಹೋಗಿ ಮಾಮು ಮಾಡಿದ್ದು ಸಣ್ಣ ಕೆಲಸ. ಗೇಟ್‌ವೇ ಕೆಲವು ಸೆಕೆಂಡುಗಳಿಗೊಮ್ಮೆ ಪ್ಯಾನೆಲ್ ಅನ್ನು ವಿಚಾರಿಸಬೇಕು, ಉತ್ತರ ಬಾರದಿದ್ದರೆ ಹಳೆಯ ಸ್ಥಿತಿಯನ್ನು ಅಳಿಸಿ ಸಂಪರ್ಕ ಕಡಿದಿದೆ ಎಂದು ಪರದೆಯಲ್ಲಿ ಕೂಗಬೇಕು ಎಂದು ಹೊಂದಿಸಿದರು. ಕಾವಲುಗಾರರ ಮುಂದೆಯೇ ತಂತಿ ಕಿತ್ತು, ಪರದೆ ಬಣ್ಣ ಬದಲಿಸುವುದನ್ನು ತೋರಿಸಿದರು. ಆ ಕಾವಲು ಮನೆಗಳ ಸೂಜಿ ಮಾಡುತ್ತಿದ್ದದ್ದು ಇದನ್ನೇ. ತೊಂದರೆಯ ಸುದ್ದಿ ತರುವ ತಂತಿಗೆ ಮೊದಲು ತನ್ನದೇ ತೊಂದರೆಯನ್ನು ಹೇಳಲು ಬರಬೇಕು.

ಕೆಂಪು ಸಮುದ್ರದಿಂದ ಕಲ್ಕತ್ತೆಗೆ

1857ರ ನಂತರ ಬ್ರಿಟಿಷರಿಗೆ ಭಾರತದ ಸುದ್ದಿ ಬೇಗ ಬೇಕಾಗಿತ್ತು. 1859ರಲ್ಲಿ ಸೂಯೆಜ್‌ನಿಂದ ಕೆಂಪು ಸಮುದ್ರದ ತಳದಲ್ಲಿ ಕೇಬಲ್ ಹಾಕುವಾಗ ಪರೀಕ್ಷೆಯ ಹೊಣೆ ಸೀಮೆನ್ಸ್ ಅವರದು. ಏಡನ್ ಹತ್ತಿರ ಕೇಬಲ್ ಕೆಟ್ಟಿತು. ದಡದಲ್ಲಿ ಕೂತು ತಂತಿಯ ವಿದ್ಯುತ್ ರೋಧವನ್ನು ಅಳೆದು, ಸಮುದ್ರದಲ್ಲಿ ಎಷ್ಟು ದೂರದಲ್ಲಿ ತೊಂದರೆ ಇದೆ ಎಂದು ಅವರು ಲೆಕ್ಕ ಹಾಕಿ ಹೇಳಿದರು. ಅಲ್ಲಿಂದ ಹಿಂತಿರುಗುವಾಗ ಅವರಿದ್ದ ಆಲ್ಮಾ ಎಂಬ ಹಡಗು ರಾತ್ರಿ ಹವಳದ ಬಂಡೆಗೆ ಬಡಿದು ಮಗುಚಿತು. ಸುಡುವ ಬಿಸಿಲಿನಲ್ಲಿ, ನೀರಿಲ್ಲದ ಬೋಳು ದ್ವೀಪದಲ್ಲಿ ಪ್ರಯಾಣಿಕರು ಸಹಾಯಕ್ಕಾಗಿ ಕಾದರು. ಕೊನೆಗೆ ಒಂದು ಇಂಗ್ಲಿಷ್ ಯುದ್ಧನೌಕೆ ಬಂದು ಕಾಪಾಡಿತು. ಆ ಕೇಬಲ್ ಮಾತ್ರ ಹೆಚ್ಚು ಕಾಲ ಬಾಳಲಿಲ್ಲ.

ರೋಧವನ್ನು ಅಳೆಯಲು ಎಲ್ಲರಿಗೂ ಒಂದೇ ಅಳತೆ ಬೇಕು. ಒಬ್ಬೊಬ್ಬರು ಒಂದೊಂದು ತಂತಿಯ ತುಂಡನ್ನು ಮಾನವಾಗಿ ಇಟ್ಟುಕೊಂಡಿದ್ದ ಕಾಲ ಅದು. 1860ರಲ್ಲಿ ಸೀಮೆನ್ಸ್ ಒಂದು ಸಲಹೆ ಮುಂದಿಟ್ಟರು. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ಪಾದರಸದ ಕಂಬವನ್ನು ಸೊನ್ನೆ ಡಿಗ್ರಿಯಲ್ಲಿ ಇಟ್ಟರೆ ಯಾವ ಊರಿನಲ್ಲಾದರೂ ಅದೇ ರೋಧ ಸಿಗುತ್ತದೆ. ಮುಂದೆ ಓಮ್ ಎಂಬ ಏಕಮಾನ ಗೆದ್ದಿತು, ಆದರೆ ಅದನ್ನು ನಿರ್ಧರಿಸಲು ಪಾದರಸದ ಕಂಬವನ್ನೇ ಬಳಸಿದರು.

ಭಾರತಕ್ಕೆ ತಂತಿ ತರುವ ಕೆಲಸವನ್ನು ಸೀಮೆನ್ಸ್ ಸಹೋದರರು ಕೈಬಿಡಲಿಲ್ಲ. ಆಗ ಟರ್ಕಿಯ ಮೂಲಕ ಬರುತ್ತಿದ್ದ ಸಂದೇಶವನ್ನು ನಡುವೆ ಹಲವು ಕಡೆ ಇಂಗ್ಲಿಷ್ ಬಾರದ ಗುಮಾಸ್ತರು ಮತ್ತೆ ಮತ್ತೆ ಹೊಡೆದು ಕಳಿಸುತ್ತಿದ್ದರು. ಅದು ದಿನಗಟ್ಟಲೆ ತಡವಾಗಿ, ಗುರುತೇ ಸಿಗದಷ್ಟು ಕೆಟ್ಟು ತಲುಪುತ್ತಿತ್ತು. 1867ರಿಂದ ಸಹೋದರರು ಲಂಡನ್ನಿನಿಂದ ಪ್ರಷ್ಯಾ, ವಾರ್ಸಾ, ಒಡೆಸ್ಸಾ, ಟಿಫ್ಲಿಸ್ ಮಾರ್ಗವಾಗಿ ತೆಹರಾನ್‌ವರೆಗಿನ ಸಾಲನ್ನು ಸಿದ್ಧಪಡಿಸಿದರು. ಅಲ್ಲಿಂದ ಮುಂದೆ ಬ್ರಿಟಿಷರ ತಂತಿ ಬೂಶೆಹರ್, ಕರಾಚಿಗಳ ಮೂಲಕ ಕಲ್ಕತ್ತೆಗೆ ಬರುತ್ತಿತ್ತು. ಒಟ್ಟು ಸುಮಾರು 11,000 ಕಿಲೋಮೀಟರ್. ನಡುವಿನ ಠಾಣೆಗಳಲ್ಲಿ ಮನುಷ್ಯರ ಬದಲು ಯಂತ್ರವೇ ಸಂಕೇತವನ್ನು ಹೊಸ ಬಲದೊಂದಿಗೆ ಮುಂದಕ್ಕೆ ದಾಟಿಸುತ್ತಿತ್ತು. ಈ ಕೆಲಸ ನಡೆಯುತ್ತಿದ್ದಾಗಲೇ, 1868ರಲ್ಲಿ, ತಮ್ಮ ವಾಲ್ಟರ್ ಟಿಫ್ಲಿಸ್‌ನಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. 1870ರ ಏಪ್ರಿಲ್ 12ರಂದು ಲಂಡನ್ನಿನಿಂದ ಕಲ್ಕತ್ತೆಗೆ ಸಂದೇಶ 28 ನಿಮಿಷದಲ್ಲಿ ಮುಟ್ಟಿತು. ಅದರ ಲಾಭ ಮೊದಲು ಸಿಕ್ಕಿದ್ದು ಬ್ರಿಟಿಷ್ ಸರ್ಕಾರಕ್ಕೆ ಮತ್ತು ವ್ಯಾಪಾರಿಗಳಿಗೆ ಎಂಬುದನ್ನೂ ನಾವು ಮರೆಯಬಾರದು.

ಕೊನೆಯ ವರ್ಷಗಳು

ಸೀಮೆನ್ಸ್ ಹೆಸರು ಚರಿತ್ರೆಯಲ್ಲಿ ದೊಡ್ಡದಾಗಿ ಉಳಿದಿರುವುದು ಡೈನಮೋದಿಂದ. ಶಾಶ್ವತ ಆಯಸ್ಕಾಂತ ಇಲ್ಲದೆ, ಯಂತ್ರ ತಾನೇ ಹುಟ್ಟಿಸಿದ ವಿದ್ಯುತ್ತಿನಿಂದ ತನ್ನ ಕಾಂತಶಕ್ತಿಯನ್ನು ಬೆಳೆಸಿಕೊಳ್ಳುವ ತತ್ವವನ್ನು ಅವರು 1866ರಲ್ಲಿ ಕಂಡುಕೊಂಡರು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೆಯವರೂ ಅದನ್ನು ತಲುಪಿದ್ದರು. 1879ರಲ್ಲಿ ಬರ್ಲಿನ್ ವಸ್ತುಪ್ರದರ್ಶನದಲ್ಲಿ ಸೀಮೆನ್ಸ್ ಅವರ ಪುಟ್ಟ ವಿದ್ಯುತ್ ರೈಲು ಓಡಿತು. ಮರುವರ್ಷ ವಿದ್ಯುತ್ ಲಿಫ್ಟ್, 1881ರಲ್ಲಿ ಬರ್ಲಿನ್ ಬಳಿ ವಿದ್ಯುತ್ ಟ್ರಾಮ್ ಬಂದವು.

ನನಗೆ ಇವುಗಳಷ್ಟೇ ಮುಖ್ಯವಾಗಿ ಕಂಡದ್ದು 1872ರ ಒಂದು ನಿರ್ಧಾರ. ಆ ವರ್ಷ ಕಂಪನಿ ತನ್ನ ಕೆಲಸಗಾರರಿಗೆ, ಅವರ ವಿಧವೆಯರಿಗೆ, ಅನಾಥ ಮಕ್ಕಳಿಗೆ ಪಿಂಚಣಿ ನಿಧಿ ಶುರು ಮಾಡಿತು. ಅಪ್ಪ ಅಮ್ಮನನ್ನು ಕಳೆದುಕೊಂಡ ಮನೆಯ ಖರ್ಚು ಎಷ್ಟೆಂದು ಗೊತ್ತಿದ್ದವರ ಲೆಕ್ಕ ಅದು. ಅನುಭವಿ ಕೆಲಸಗಾರರು ಬಿಟ್ಟು ಹೋಗದಿರಲಿ ಎಂಬ ವ್ಯಾಪಾರದ ಲೆಕ್ಕವೂ ಅದರಲ್ಲಿತ್ತು. ಎರಡೂ ಲೆಕ್ಕ ಒಂದೇ ಕಡೆ ಕೂಡಿದ್ದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

1892ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಅದೇ ವರ್ಷ ಡಿಸೆಂಬರ್ 6ರಂದು, 76 ತುಂಬಲು ಒಂದೇ ವಾರ ಇರುವಾಗ, ಅವರು ಬರ್ಲಿನ್ನಿನಲ್ಲಿ ತೀರಿಕೊಂಡರು. ವಾಹಕತೆಯ ಅಂತರರಾಷ್ಟ್ರೀಯ ಏಕಮಾನಕ್ಕೆ ಅವರ ಹೆಸರು ಬಂದದ್ದು 1971ರಲ್ಲಿ. ಅವರು ಕೊಟ್ಟ ರೋಧದ ಮಾನ ಉಳಿಯಲಿಲ್ಲ, ರೋಧಕ್ಕೆ ವಿಲೋಮವಾದ ವಾಹಕತೆಗೆ ಅವರ ಹೆಸರು ಉಳಿಯಿತು.

ಗೆಳೆಯರೇ, ಕಾಲೇಜು, ಹಾಸ್ಟೆಲ್, ಮದುವೆ ಹಾಲ್, ಆಸ್ಪತ್ರೆ, ಎಲ್ಲಿ ಹೋದರೂ ಈಗ ಗೋಡೆಯ ಮೇಲೆ ಕೆಂಪು ಪೆಟ್ಟಿಗೆಗಳು ಕಾಣುತ್ತವೆ. ಹಸಿರು ದೀಪ ಉರಿಯುತ್ತಿದ್ದರೆ ನಾವು ನಿಶ್ಚಿಂತೆಯಿಂದ ಮುಂದೆ ಹೋಗುತ್ತೇವೆ. ಇನ್ನು ಮೇಲೆ ಅಲ್ಲಿನ ಜವಾಬ್ದಾರರನ್ನು ಒಂದು ಪ್ರಶ್ನೆ ಕೇಳೋಣ. ತಂತಿ ಕಳಚಿದರೆ ನಿಮಗೆ ಹೇಗೆ ಗೊತ್ತಾಗುತ್ತದೆ? ಉತ್ತರ ಇದ್ದರೆ ಅವರು ಕೂಡಲೇ ತೋರಿಸುತ್ತಾರೆ. ಉತ್ತರ ಇಲ್ಲದಿದ್ದರೆ, ಆ ಪ್ರಶ್ನೆ ಕೇಳಿದ ದಿನದಿಂದಲೇ ಆ ಕಟ್ಟಡ ಸ್ವಲ್ಪ ಹೆಚ್ಚು ಸುರಕ್ಷಿತವಾಗುತ್ತದೆ.